ಹಳದಿ ಸೆರಗು

ಗದಗಿನ ಜೋಡಣೆ ಕಚೇರಿಯಲ್ಲಿ ಫಕೀರೇಶ ಜನರ ಬಟ್ಟೆಗಳನ್ನು ಅವರವರ ಹತ್ತಿರದವರ ಮನಸ್ಸಿಗೆ ಜೋಡಿಸುತ್ತಿದ್ದ. ಆಮೇಲೆ ಗಂಡನ ಅಂಗಿ ಹೆಂಡತಿಯ ಮನಸ್ಸಿನ ಬಣ್ಣ ತಾಳುತ್ತಿತ್ತು, ಅವಳ ಸೀರೆ ಅವನದು. ಖುಷಿಗೆ ಹಸಿರು, ಚಿಂತೆಗೆ ಬೂದಿ. ಊರೆಲ್ಲ ಹಾಗೆಯೇ ಉಡುತ್ತಿತ್ತು.

ಅವನ ಅಂಗಿ ಬಾಗಲಕೋಟೆಯ ಅಕ್ಕ ನೀಲವ್ವನ ಮನಸ್ಸಿಗೆ ಸೇರಿದ್ದು. ಇವತ್ತು ಅದು ಹಸಿರಾಗಿತ್ತು. ಅವನಿಗೆ ಮಾತ್ರ ನಾಲ್ಕು ದಿನದಿಂದ ಜ್ವರ. ಬಾಡಿಗೆ ಕೋಣೆಯಲ್ಲಿ ಒಂದು ಲೋಟ ಗಂಜಿ ಕೊಡುವವರಿರಲಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅಕ್ಕನ ಫೋನು ಬಂತು.

"ಪಂಚಮಿಗೆ ಕರಿಯಾಕ ಬರ್ಲಿಲ್ಲ ನೀ. ನಾನ ಬರೂಣಂದ್ರ ಸೆರಗು ಹಳದಿನ ಐತಿ. ಆರಾಮ ಅದಾನ, ಅವಗ್ಯಾಕ ತ್ರಾಸ ಅಂತ ಬಿಟ್ನಿ. ಹನ್ನೊಂದು ವರ್ಷಾತು, ಬ್ಯಾರೆ ಬಣ್ಣಾನ ಕಂಡಿಲ್ಲ. ಪುಣ್ಯವಂತ ಬಿಡಪಾ ತಮ್ಮಾ!"

"ಹೂಂ ಅಕ್ಕಾ, ಆರಾಮದೀನಿ."

ಹಳದಿಯೆಂದರೆ ನೆಮ್ಮದಿ ಎಂದು ಜನ ತಿಳಿದಿದ್ದರು. ಯಾವ ಸುದ್ದಿಯೂ ಬಾರದ ಬಟ್ಟೆ ಹಳದಿಯಾಗಿ ಉಳಿಯುತ್ತದೆ ಎಂಬುದು ಕಚೇರಿಯವರಿಗಷ್ಟೇ ಗೊತ್ತು. ತನ್ನ ಅಳುಕು ಅಕ್ಕನ ಸೀರೆ ಕೆಡಿಸಬಾರದೆಂದು ಫಕೀರೇಶನೇ ಹನ್ನೊಂದು ವರ್ಷದ ಹಿಂದೆ ತಮ್ಮಿಬ್ಬರ ಜೋಡಣೆಯನ್ನು ಒಮ್ಮುಖವಾಗಿ, ಅಕ್ಕನಿಂದ ತನ್ನ ಕಡೆಗೆ ಮಾತ್ರ, ಇಟ್ಟಿದ್ದ.

ಫೋನಿಟ್ಟು ಕಚೇರಿಯ ಗಣಕದ ಮುಂದೆ ಕೂತ. ಪರದೆಯ ಮೇಲೆ ತಮ್ಮಿಬ್ಬರ ಹೆಸರು ತೆರೆದು ‘ಇಮ್ಮುಖ’ ಎಂಬುದನ್ನು ಒತ್ತಿದ. ತಪ್ಪು ಮಾಡಿದೆನೇನೋ ಎಂದು ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕಾದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಅಂಗಿಯ ಹಸಿರು ತೋಳಿನ ತುದಿಯಿಂದ ಮೆಲ್ಲಗೆ ಬೂದಿಯಾಗುತ್ತ ಬಂತು. ಅಕ್ಕ ಸೆರಗು ನೋಡಿಕೊಂಡಿದ್ದಳು.