ಅಜ್ಜಿ ಕಿತ್ತ ಒಂದೆಲಗ

ಹಸಿ ಸೊಪ್ಪಿಗೆ ಜೀರಿಗೆ ಹಾಕಿ ರುಬ್ಬಿದ ವಾಸನೆ ಬಂದರೆ ಈಗಲೂ ನಾನು ಎದ್ದು ಕಿಟಕಿ ತೆರೆಯುತ್ತೇನೆ.

ಆಗ ನನಗೆ ಎಂಟು ವರ್ಷ. ಮೈಸೂರಿನಿಂದ ಅಮೆರಿಕದ ಗೇದರ್ಸ್‌ಬರ್ಗ್‌ಗೆ ಬಂದಿದ್ದ ಅಜ್ಜಿ ಚಳಿಗಾಲವಿಡೀ ಕಿಟಕಿಯ ಬಳಿ ಕೂತೇ ಕಳೆದಿದ್ದರು. ಏಪ್ರಿಲ್‌ನ ಒಂದು ಭಾನುವಾರ ಅಪ್ಪ ನಮ್ಮನ್ನು ನದಿಯ ಪಕ್ಕದ ಹಳೆಯ ರೈಲುದಾರಿಗೆ ಕರೆದೊಯ್ದರು. ಹಳಿ ಕಿತ್ತು ಅದನ್ನು ನಡೆಯುವ ದಾರಿ ಮಾಡಿದ್ದರು. ಅಪ್ಪ ಅಮ್ಮ ಮುಂದೆ ಹೋದರು. ಅಜ್ಜಿ ಮಾತ್ರ ದಂಡೆಯ ತುಂಬ ಹಬ್ಬಿದ್ದ ದುಂಡು ಎಲೆಗಳ ಮುಂದೆ ನಿಂತುಬಿಟ್ಟರು.

"ಒಂದೆಲಗ ಕಣೇ," ಎಂದು ನಕ್ಕರು. ಇಲ್ಲಿಗೆ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ. "ಆ ಬೋರ್ಡಲ್ಲಿ ಏನ್ ಬರ್ದಿದಾರೆ, ಓದ್ ಹೇಳು."

ಗಿಡ ಕೀಳಬೇಡಿ, ತಿನ್ನಬೇಡಿ ಎಂದಿತ್ತು. ಬೆಳಗಿನಿಂದ ಬೋರ್ಡುಗಳನ್ನು ಓದಿ ಹೇಳಿ ನನಗೆ ಸಾಕಾಗಿತ್ತು.

"ನಥಿಂಗ್, ಅಜ್ಜಿ."

ಅವರು ಸ್ವೆಟರಿನ ಮೇಲಿನ ಸೆರಗಿನ ತುಂಬ ಕಿತ್ತುಕೊಂಡರು. ಮನೆಗೆ ಬಂದು ತಂಬುಳಿ ಮಾಡಿ, ನಮಗೆ ಬಡಿಸುವ ಮೊದಲೇ ಆಸೆಯಿಂದ ಒಂದು ಬಟ್ಟಲು ಕುಡಿದರು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಗಿ, ನಿಲ್ಲಲೇ ಇಲ್ಲ.

ಅದು ಒಂದೆಲಗವಲ್ಲ, ಹಾಗೇ ಕಾಣುವ ವಿಷದ ಗಿಡ ಎಂದರು ಆಸ್ಪತ್ರೆಯಲ್ಲಿ. ಅಪ್ಪ ನನ್ನನ್ನು ಕೇಳಿದರು, "ಅಲ್ಲಿ ಬೋರ್ಡ್ ಇರ್ಲಿಲ್ವೇನೇ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಅವಳು ಬೇಡ ಅಂದ್ಲು ಕಣೋ. ನಾನೇ ಕೇಳ್ಲಿಲ್ಲ."

ಊರಿಗೆ ಮರಳುವವರೆಗೂ ಅವರು ನನಗೆ ಮತ್ತೇನನ್ನೂ ಓದಿ ಹೇಳು ಎನ್ನಲಿಲ್ಲ.