ಹೊಸ ಹಾಡು, ಹಳೆ ಕಿವಿ

‘ಯಾವ ಮೌನ ಸ್ವಾಮಿ? ಅಲ್ಲಿ ಗಂಟೆ ಬಾರಿಸ್ತಾ ಇದೆಯಲ್ಲ?’

ಬ್ಲಾಗ್ ಶುರು ಮಾಡಿದ ಮೇಲೆ ಹೊರಗಿನವರಿಂದ ಬಂದ ಮೊದಲ ಪ್ರತಿಕ್ರಿಯೆ ಇದು. ಮೇಸ್ತ್ರಿ ಅದನ್ನು ಮತ್ತೆ ಮತ್ತೆ ಓದಿದ. ಅವನೇನು ಗಾರೆ ಕೆಲಸದ ಮೇಸ್ತ್ರಿಯಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ. ಹಲ್ಲು ಕಟ್ಟುವವನು ಎಂದು ಜೊತೆಯವರು ಇಟ್ಟ ಈ ಹೆಸರು ಮನೆಯವರೆಗೂ ಬಂದುಬಿಟ್ಟಿತ್ತು. ವಾರಕ್ಕೊಂದು ಹೊಸ ಹಾಡು ಕೇಳಿ ಅನಿಸಿದ್ದನ್ನು ಬರೆಯುವುದು ಅವನಿಗೆ ಈಚೆಗೆ ಹಿಡಿದ ಹುಚ್ಚು. ಬ್ಲಾಗಿಗೆ ‘ಹೊಸ ಹಾಡು, ಹಳೆ ಕಿವಿ’ ಎಂದು ತಾನೇ ಹೆಸರಿಟ್ಟು, ತನ್ನ ಜಾಣತನಕ್ಕೆ ತಾನೇ ನಕ್ಕಿದ್ದ. ಇಷ್ಟು ದಿನ ಅದನ್ನು ಓದುತ್ತಿದ್ದವಳು ಹೆಂಡತಿ ಒಬ್ಬಳೇ, ಅದೂ ಅವನು ಪಕ್ಕದಲ್ಲಿ ಕೂತು ಓದಿಸಿದರೆ.

ಈ ವಾರದ ಬರಹದ ಮೇಲಂತೂ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಯಾರೋ ಹೊಸ ಹುಡುಗಿ ಹಾಡಿದ ಹಾಡು. ನಡುವೆ ದನಿ ನಿಲ್ಲುತ್ತದೆ, ವಾದ್ಯಗಳೂ ನಿಲ್ಲುತ್ತವೆ, ಸ್ವಲ್ಪ ಹೊತ್ತು ಏನೆಂದರೆ ಏನೂ ಇರುವುದಿಲ್ಲ. ಹೀಗೆ ಸುಮ್ಮನಿರುವ ಎದೆಗಾರಿಕೆ ಇವತ್ತು ಯಾರಿಗಿದೆ ಎಂದು ಕೇಳಿ, ಆ ಮೌನವೊಂದನ್ನೇ ಬಾಯ್ತುಂಬ ಹೊಗಳಿದ್ದ.

ಮೊದಲು ಬಂದದ್ದು ಸಿಟ್ಟು. ಮಾಡಲು ಕೆಲಸವಿಲ್ಲದೆ ಕಾಲೆಳೆಯಲು ಬಂದಿದ್ದಾನೆ ಎಂದುಕೊಂಡು, ಅವನಿಗೆ ಸರಿಯಾಗಿ ಬಿಸಿ ಮುಟ್ಟಿಸಬೇಕೆಂದು ಬರೆಯತೊಡಗಿದ. ಅಷ್ಟರಲ್ಲಿ ಕೆಳಗೆ ಇನ್ನೊಬ್ಬರು ಬರೆದರು: ‘ಹೌದು, ಆ ಗಂಟೆಯೇ ಈ ಹಾಡಿನ ಜೀವ.’ ಮೇಸ್ತ್ರಿಯ ಬೆರಳು ನಿಂತಿತು. ಹಾಡು ಹಾಕಿದ. ಗಂಟೆ ಇಲ್ಲ. ಸದ್ದು ಪೂರ್ತಿ ಏರಿಸಿದ. ಆಗಲೂ ಇಲ್ಲ. ಇಯರ್‌ಫೋನನ್ನು ಊದಿ, ಅಂಗಿಯ ಅಂಚಿನಿಂದ ಒರೆಸಿ, ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಹಾಕಿಕೊಂಡು ನೋಡಿದ. ಹುಡುಗಿಯ ದನಿ ನಿಂತಿತು, ವಾದ್ಯಗಳು ನಿಂತವು, ತಾನು ಹಾಡಿ ಹೊಗಳಿದ ಅದೇ ಮೌನ ಮತ್ತೆ ಬಂದು ಎದುರಿಗೆ ನಿಂತಿತು. ಈ ಸಲ ಅದರ ಚೆಂದ ಕಾಣಲಿಲ್ಲ, ಭಯವಾಯಿತು.

ಹೆಂಡತಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಏನೂ ಆಗಿಲ್ಲವೆಂಬಂತೆ ಹೋಗಿ, ಇಯರ್‌ಫೋನ್ ಕಳಚಿ, ಫೋನನ್ನು ಅವಳ ಮುಂದಿಟ್ಟು ಆ ಜಾಗವನ್ನು ಕೇಳಿಸಿದ.

“ಇಲ್ಲಿ ಏನಾದ್ರೂ ಇದ್ಯೇನೇ?”

“ಗಂಟೆ,” ಎಂದಳು ಅವಳು, ಅಂಗಿಯ ತೋಳಿನ ಸುಕ್ಕು ಬಿಡಿಸುತ್ತಲೇ. “ಸಣ್ಣದು. ಚೆನ್ನಾಗಿದೆ.” ಆಮೇಲೆ ಗಂಡನ ಮುಖ ನೋಡಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಏನೋ ನೆನಪಾದವಳಂತೆ, “ರೀ, ಬಾಗಿಲು ಸರಿಯಾಗಿ ಹಾಕದಿದ್ರೆ ಫ್ರಿಜ್ ಕೂಗುತ್ತಲ್ಲ, ಅದು ನಿಮಗೆ ಕೇಳಿಸುತ್ತಾ?” ಎಂದಳು.

“ನಮ್ಮ ಫ್ರಿಜ್ ಕೂಗುತ್ತಾ?”

ಅವಳು ಇಸ್ತ್ರಿಯ ಸ್ವಿಚ್ ಆರಿಸಿದಳು. ಅದೇ ಫ್ರಿಜ್ಜಿನ ವಿಷಯಕ್ಕೆ ಎಷ್ಟು ಸಲ ಜಗಳವಾಡಿದ್ದಳೋ, ಸೋಮಾರಿ ಎಂದು ಎಷ್ಟು ಸಲ ಬೈದಿದ್ದಳೋ. ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕೂತ. ಲ್ಯಾಬಿನಲ್ಲಿ ಹಲ್ಲು ನಯ ಮಾಡುವ ಮೋಟರು ಕಿವಿಯ ಪಕ್ಕದಲ್ಲೇ ಚೀರುತ್ತದೆ. ಅದನ್ನು ಮುಳುಗಿಸಲೆಂದು ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು, ಅದಕ್ಕಿಂತ ಜೋರಾಗಿ ಹಾಡು ಹಾಕಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಹಾಡಿನ ಹುಚ್ಚು ಹತ್ತಿದ್ದೂ ಅಲ್ಲೇ. ಹಿಂದಿನ ವಾರಗಳಲ್ಲಿ ಬರೆದ ಹಾಡುಗಳಲ್ಲಿ ಇನ್ನೆಷ್ಟು ಗಂಟೆಗಳಿದ್ದವೋ. ಅದಕ್ಕಿಂತ ದೊಡ್ಡ ಹೆದರಿಕೆಯೊಂದಿತ್ತು: ಇವತ್ತು ಗಂಟೆ ಹೋಗಿದೆ, ನಾಳೆ ಯಾವುದು ಹೋಗುತ್ತದೆ? ಕೊಳಲೇ, ಆ ಹುಡುಗಿಯ ದನಿಯೇ?

“ಈ ರೆಕಾರ್ಡಿಂಗೇ ಸರಿಯಿಲ್ಲ,” ಎಂದ. “ನಮ್ಮ ಹಾಡು ಹಾಕು ನೋಡೋಣ.”

ನಮ್ಮ ಹಾಡು ಎಂದರೆ ಮದುವೆಯಾದ ಹೊಸತರಲ್ಲಿ ಬಸ್ಸಿನಲ್ಲಿ ಕೂತು, ಒಂದೇ ಇಯರ್‌ಫೋನನ್ನು ಅವನ ಕಿವಿಗೊಂದು ಅವಳ ಕಿವಿಗೊಂದು ಸಿಕ್ಕಿಸಿಕೊಂಡು ಕೇಳುತ್ತಿದ್ದ ಹಾಡು. ಅದರಲ್ಲೂ ನಡುವೆ ಎಲ್ಲ ನಿಂತು, ಒಂದು ಸಣ್ಣ ಗಂಟೆ ಒಂಟಿಯಾಗಿ ಬಾರಿಸುತ್ತದೆ. ಅದು ಮುಗಿದ ಮೇಲೆ ದನಿ ಮತ್ತೆ ಎತ್ತಿಕೊಳ್ಳುತ್ತದೆ. ಅವಳು ಫೋನ್ ಕೈಗೆ ತೆಗೆದುಕೊಂಡು ಹಾಡು ಹಾಕಿದಳು. ಮೇಸ್ತ್ರಿ ಕಣ್ಣು ಮುಚ್ಚಿ, ಮೇಜಿನ ಮೇಲೆ ಬೆರಳು ಊರಿ ಕಾದ.

ದನಿ ನಿಂತಿತು. ವಾದ್ಯಗಳು ನಿಂತವು. ಬಂತು. ಬೆರಳು ತಾನಾಗಿ ಮೇಜನ್ನು ತಟ್ಟಿತು, ಮತ್ತೆ ಮತ್ತೆ ತಟ್ಟಿತು, ಗಂಟೆಯ ಒಂದೊಂದು ಏಟಿಗೂ ಸರಿಯಾಗಿ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

“ಕೇಳ್ತಾ ಇದೆ ಕಣೇ,” ಎಂದ, ಕಣ್ಣು ಮುಚ್ಚಿಕೊಂಡೇ. “ಒಂದೂ ಬಿಡದೆ ಕೇಳ್ತಾ ಇದೆ. ಅವರ ರೆಕಾರ್ಡಿಂಗ್ ಹಾಳಾಗಿದ್ರೆ ನಾನೇನ್ ಮಾಡ್ಲಿ?”

ಬ್ಲಾಗಿನಲ್ಲಿ ಕೊಡಬೇಕಾದ ಉತ್ತರ ಮನಸ್ಸಿನಲ್ಲಿ ಆಗಲೇ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಕೊನೆಯ ಏಟೂ ಮುಗಿಯಿತು. ಇನ್ನು ದನಿ ಎತ್ತಿಕೊಳ್ಳಬೇಕು. ಅವನು ಕಾದ. ದನಿ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಹೆಂಡತಿಯ ಹೆಬ್ಬೆರಳು ಫೋನಿನ ಮೇಲಿತ್ತು, ಅವಳ ಕಣ್ಣು ತುಂಬಿತ್ತು.

“ಎರಡನೇ ಏಟಿಗೇ ನಿಲ್ಲಿಸಿಬಿಟ್ಟಿದ್ದೆ ಕಣ್ರೀ,” ಎಂದಳು.