ನಿಷೇಧಿತ ಭಾಗಗಳ ಪಟ್ಟಿ

ಬಂದೂಕು ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ವಾರಿಜಾ ಪರದೆಯ ಮೇಲಿದ್ದ ರೈಫಲ್ ನಕ್ಷೆಯಿಂದ ಪಿಸ್ತೂಲಿನಂಥ ಹಿಡಿಯನ್ನು ಅಳಿಸಿದಳು. ಬಯೊನೆಟ್ ಸಿಕ್ಕಿಸುವ ಕೊಂಡಿಯನ್ನು ಆಗಲೇ ತೆಗೆದಿದ್ದಳು. ಶಾಲೆಯೊಂದರಲ್ಲಿ ಹನ್ನೊಂದು ಮಕ್ಕಳು ಗುಂಡಿಗೆ ಸತ್ತ ಮೇಲೆ, ಕೊಳ್ಳುವ ದೇಶ ಇಂಥ ಭಾಗಗಳಿರುವ ಬಂದೂಕುಗಳ ಆಮದನ್ನು ನಿಷೇಧಿಸಿತ್ತು.

"ಇನ್ನೇನು ಉಳಿದಿದೆ ಮೇಡಂ?" ಮ್ಯಾನೇಜರ್ ಬಂದು ಹಿಂದೆ ನಿಂತರು.

"ಮಡಚೋ ಹಿಂಭಾಗ ಒಂದೇ, ಸರ್. ಆದ್ರೆ ಇಷ್ಟೆಲ್ಲ ತೆಗೆದ್ರೂ ಇದು ಮೊದಲಿನಷ್ಟೇ ಬೇಗ ಗುಂಡು ಹಾರಿಸುತ್ತಲ್ಲ?"

"ಹಾರಿಸಲೇಬೇಕಲ್ಲ, ಇಲ್ದಿದ್ರೆ ಯಾರು ತಗೋತಾರೆ?" ಅವರು ನಕ್ಕರು. "ಅವರ ಕಾನೂನು ಹೆಣ್ಣು ನೋಡೋಕೆ ಬಂದವರ ಹಾಗೆ ಮೇಡಂ. ಮೈಕಟ್ಟು ನೋಡುತ್ತೆ, ಒಳಗೇನಿದೆ ಅಂತ ಕೇಳಲ್ಲ. ಬೇಗ ಕಳಿಸಿ ಮನೆಗೆ ಹೊರಡಿ, ಕಾಯ್ತಿರ್ತಾರೆ."

ಅವಳನ್ನೂ ಒಂದು ಕಾಲಕ್ಕೆ ಒಂಬತ್ತು ಮನೆಯವರು ನೋಡಿ ಹೋಗಿದ್ದರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಅದನ್ನು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಮ್ಯಾನೇಜರ್ ಹೋದ ಮೇಲೆ ಮಡಚುವ ಹಿಂಭಾಗವನ್ನು ಅಳಿಸಿದಳು. ಪಟ್ಟಿ ಮುಗಿಯಿತು. ಆಮೇಲೆ ನಳಿಗೆಯ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿ ತುಂಬಿಕೊಳ್ಳುವಂತೆ ಮಾಡುವ ಎರಡು ಮಿಲಿಮೀಟರಿನ ತೂತನ್ನೂ ಅಳಿಸಿ, ನಕ್ಷೆಯನ್ನು ತಯಾರಿಕೆಗೆ ಕಳಿಸಿದಳು.